ತಲೆಯ ಲೆಕ್ಕ

ಆರೂಕಾಲಿನ ಬಸ್ಸಿಗೆ ಪಾಂಡವಪುರದಿಂದ
ಥರ್ಮಾಕೋಲ್ ಡಬ್ಬಿಯಲ್ಲಿ ಬರುತ್ತವೆ ಮೀನು.
ಮುಚ್ಚಳಕ್ಕೆ ಟೇಪು, ಟೇಪಿನ ಮೇಲೆ
ಬೋರಲಿಂಗೇಗೌಡರ ಓರೆ ಅಕ್ಷರ:
‘ಲ್ಯಾಬಿಗೆ. ಮಾರಾಟಕ್ಕಲ್ಲ.’
ಕಂಡಕ್ಟರು ಆದರೂ ಕೇಳುತ್ತಾನೆ, ಕೇಜಿ ಎಷ್ಟು.

ತಾಯಿ ರೋಹು, ತಂದೆ ಕಾಟ್ಲಾ.
ಕಬ್ಬಿನ ಗದ್ದೆಯ ಮಗ್ಗುಲಲ್ಲಿ ತೋಡಿದ ಹೊಂಡ,
ನಾಲೆಯ ನೀರು, ಕಡಲೆಕಾಯಿ ಹಿಂಡಿ, ಅಕ್ಕಿ ತೌಡು,
ಹನ್ನೊಂದು ತಿಂಗಳು.
ತಂದೆಯ ಹಾಗೆ ದಪದಪ ಬೆಳೆಯುತ್ತದೆ,
ತಾಯಿಯ ಹಾಗೆ ತಲೆ ಚಿಕ್ಕದು.
ಅದೇ ಲಾಭ ಎನ್ನುತ್ತಾರೆ ನಮ್ಮ ವಿಮಲಾಕ್ಷಿ ಮೇಡಂ,
ತಲೆ ಇಳಿದಷ್ಟೂ ಮಾಂಸ ಏರುತ್ತದೆ.
ಆಫೀಸಿನಲ್ಲೂ ಹಾಗೇ ಎಂದು ಯಾರೋ ಹಿಂದಿನಿಂದ ಗೊಣಗಿದರು.

ನನ್ನ ಕೆಲಸ ಚಾಕುವಿನಿಂದ ಶುರು.
ಹುರುಪೆ, ಕರುಳು, ರೆಕ್ಕೆ, ತಲೆ ಆ ಕಡೆ.
ತಿನ್ನುವ ಭಾಗ ಈ ಕಡೆ.
ರುಬ್ಬುತ್ತೇನೆ. ರಾತ್ರಿಯಿಡೀ ಒಣಗಿಸುತ್ತೇನೆ,
ಬೆಳಗಾಗುವಷ್ಟರಲ್ಲಿ ನೀರು ಎದ್ದು ಹೋಗಿರುತ್ತದೆ:
ನೂರಕ್ಕೆ ಎಪ್ಪತ್ತೇಳು.
ಆಮ್ಲದಲ್ಲಿ ಕುದಿಸುತ್ತೇನೆ, ಕಪ್ಪು ಹೋಗಿ ಕಂದಾಗಿ
ಕಂದು ಹೋಗಿ ತಿಳಿಯಾಗುವ ತನಕ.
ಸಿಕ್ಕ ಸಾರಜನಕವನ್ನು ಆರೂಕಾಲರಿಂದ ಗುಣಿಸಿದರೆ ಪ್ರೋಟೀನು.
ಬಸ್ಸಿನ ಹೊತ್ತೂ ಅದೇ, ಗುಣಕವೂ ಅದೇ;
ನನ್ನ ದಿನವೆಲ್ಲ ಆರೂಕಾಲಿಗೆ ಕಟ್ಟಿಹಾಕಿದ್ದು.
ಹದಿನೆಂಟು. ಮೇಡಂ ಮುಖ ಅರಳಿತು.
ಈಥರಿನಲ್ಲಿ ತೊಳೆದರೆ ಕೊಬ್ಬು, ಎರಡೂಕಾಲು.
ಸುಟ್ಟರೆ ಬೂದಿ, ಒಂದೂಕಾಲು.
ಕೂಡಿದರೆ ನೂರಾಗುವುದಿಲ್ಲ.
ಆಗಬಾರದು, ಅಂದರು ಮೇಡಂ,
ಸರಿಯಾಗಿ ನೂರು ಬಂದರೆ ನೀನು ಕೂತು ಬರೆದದ್ದು ಅಂತ ಗೊತ್ತಾಗುತ್ತೆ.

ತಲೆಗಳು ಕಪ್ಪು ಚೀಲಕ್ಕೆ.
ಪಟ್ಟಿಯಲ್ಲಿ ಅವಕ್ಕಿರುವ ಹೆಸರು ತ್ಯಾಜ್ಯ.

ಚಿಕ್ಕತಾಯಮ್ಮ ನನ್ನ ಸೋದರತ್ತೆ.
ಶ್ರೀರಂಗಪಟ್ಟಣದ ಸೇತುವೆ ಮೂಲೆಯಲ್ಲಿ
ಮೂವತ್ತು ವರ್ಷ ಬುಟ್ಟಿ ಇಟ್ಟವಳು,
ಈಗ ಕ್ಯಾತಮಾರನಹಳ್ಳಿಯ ನಮ್ಮ ಮನೆಯಲ್ಲಿ
ಬಂದ ಮೀನಿಗೆಲ್ಲ ತೀರ್ಪು ಕೊಡುತ್ತಾಳೆ.
ಕಿವಿರು ಎತ್ತಿ ಕೆಂಪು ನೋಡುತ್ತಾಳೆ.
ಹೆಬ್ಬೆರಳು ಒತ್ತಿ, ಬಿದ್ದ ಗುಳಿ
ಎಷ್ಟು ಬೇಗ ಮೇಲೇಳುತ್ತದೆ, ಮನಸ್ಸಿನಲ್ಲೇ ಎಣಿಸುತ್ತಾಳೆ.
ನಮ್ಮಲ್ಲಿ ಆ ಕೆಲಸಕ್ಕೆ ಆರು ಲಕ್ಷದ ಯಂತ್ರವಿದೆ.

ನಿಯಮದಲ್ಲಿಲ್ಲ, ಆದರೂ ಒಂದು ಸಂಜೆ
ಎರಡು ತಲೆ ಬ್ಯಾಗಿಗೆ ಹಾಕಿಕೊಂಡು ಬಂದೆ.
ಎತ್ತಿ ದೀಪಕ್ಕೆ ಹಿಡಿದಳು:
‘ಇದ್ಯಾರವ್ವ ಇದ್ರ ತಲೆ ಕದ್ದೋರು?
ಕಾಟ್ಲಾ ತಲೆ ಅಂದ್ರೆ ಮಡಕೆ ಬಾಯ್ಗೆ ಹಿಡೀಬಾರ್ದು.’
ಬೈದುಕೊಂಡೇ ಹುಣಿಸೆ ನೆನೆಹಾಕಿದಳು,
ಕೊತ್ತಂಬರಿ ಬೀಜ ಹುರಿದಳು, ಬೆಳ್ಳುಳ್ಳಿ ಜಜ್ಜಿದಳು.
ಮುದ್ದೆ ಮುರಿದು ಕೂತ ಮೇಲೆ ಮಾತಿಲ್ಲ.
ಕೆನ್ನೆಯ ಎಸಳು ಬಿಡಿಸಿದಳು,
ಕಣ್ಣಿನ ಹಿಂದಿನ ಮೆತ್ತನೆಯದನ್ನು
ಸದ್ದು ಮಾಡಿ ಹೀರಿದಳು.
ತುಟಿಯ ಮೇಲೆ ಹೊಳೆದ ಆ ಎಣ್ಣೆ
ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಮಣ್ಣಿನ ವಾಸನೆ ಇದೆಯಾ ಅತ್ತೆ?
‘ಇಲ್ಲ. ಹೊಳೇದಕ್ಕಿಂತ ಒಸಿ ಮೆತ್ತಗದೆ.
ಆದ್ರೆ ಹೊಳೇದೂ ಈಗ ಹೊಳೇದಲ್ಲ ಬಿಡು.’

ಮಾರನೆ ದಿನ ಚೀಲ ಕಟ್ಟುವ ಮುಂಚೆ
ಒಂದು ತಲೆ ಹೊರತೆಗೆದು ತೂಗಿದೆ.
ಪೆನ್ಸಿಲಿನಲ್ಲಿ ಹೊಸ ಅಂಕಣ ಎಳೆದೆ.
ಎಂಟು ಗಂಟೆ ಈಥರು ಹತ್ತಿ ಇಳಿದ ಮೇಲೆ
ತಳದಲ್ಲಿ ಉಳಿದದ್ದು ಮಾಂಸದ್ದರ ನಾಲ್ಕು ಪಾಲು.
ಮೇಡಂ ಅಂಕಿಯ ಸುತ್ತ ಕೆಂಪು ಗೆರೆ ಸುತ್ತಿದರು,
ಪಕ್ಕದಲ್ಲಿ ಪ್ರಶ್ನೆಚಿಹ್ನೆ, ಕೆಳಗೆ: ಮತ್ತೆ ಮಾಡು.
ಮತ್ತೆ ಎಂದರೆ ಇನ್ನಾರು ತಲೆ.

ಸಂಜೆ ಬರಿಗೈ ಕಂಡು ಅತ್ತೆ ಒಲೆ ಸಣ್ಣಗೆ ಮಾಡಿದಳು.
ಯಾಕೆಂದು ಹೇಳಿದೆ, ಅಂಕಿಯನ್ನೂ ಹೇಳಿದೆ.
ನೆನೆದ ಹುಣಿಸೆಯನ್ನು ಸುಮ್ಮನೆ ಕಿವುಚುತ್ತ
‘ಬರ್ಕೊಂಡ್ಯಲ್ಲ’ ಅಂದಳು,
‘ಇನ್ನು ಅದ್ರ ರೇಟೂ ಏರ್ತದೆ.’